ಇಂಟರ್‌ಕೂಲರ್ ಪೈಪನ್ನು ನೀವೇ ಮಾಡಿಸುವಾಗ: ಯಾವ ಲೋಹ, ಯಾವ ಹೋಸು, ಯಾವ ಕ್ಲಾಂಪು?

ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವುದು ಟರ್ಬೊ, ಒತ್ತಿ ಬಿಸಿಯಾದ ಆ ಗಾಳಿಯನ್ನು ನಡುದಾರಿಯಲ್ಲಿ ತಣಿಸುವುದು ಇಂಟರ್‌ಕೂಲರ್. ಇಂಟರ್‌ಕೂಲರ್ ಕೊಂಡಾಗಿದೆ, ರೇಡಿಯೇಟರ್ ಮುಂದೆ ಅದಕ್ಕೆ ಜಾಗವೂ ಆಗಿದೆ. ಉಳಿದಿರುವುದು ಟರ್ಬೊದಿಂದ ಅಲ್ಲಿಗೆ ಹೋಗುವ ಒಂದು ಪೈಪು, ಅಲ್ಲಿಂದ ಎಂಜಿನ್ನಿಗೆ ಮರಳುವ ಇನ್ನೊಂದು ಪೈಪು. ಪೈಪಿನ ತುದಿಗಳನ್ನು ಜೋಡಿಸುವುದು ಹೋಸು, ಅಂದರೆ ಬಳುಕುವ ಗಿಡ್ಡ ಕೊಳವೆ. ಆ ಹೋಸನ್ನು ಸುತ್ತಿ ಬಿಗಿಯುವ ಪಟ್ಟಿ ಕ್ಲಾಂಪು. ಗಾಳಿ ಸಾಗಿಸುವ ಕೊಳವೆ ತಾನೇ, ಯಾವುದಾದರೇನು ಎಂದು ಹಾರ್ಡ್‌ವೇರ್ ಅಂಗಡಿಗೆ ಹೊರಡುವ ಮುನ್ನ ಈ ಲೇಖನ ಓದಿ.

ಪೈಪಿನ ಲೋಹದ ಬಗ್ಗೆ ನಡೆಯುವಷ್ಟು ಚರ್ಚೆ ಅದರ ತುದಿಗಳ ಬಗ್ಗೆ ನಡೆಯುವುದಿಲ್ಲ. ಅಲ್ಯೂಮಿನಿಯಂ ಮೇಲೋ ಸ್ಟೀಲ್ ಮೇಲೋ ಎಂದು ವಾರಗಟ್ಟಲೆ ವಾದಿಸಿದವರು ಕೊನೆಗೆ ಅಗ್ಗದ ಕ್ಲಿಪ್ಪು ಬಿಗಿದು, ಘಾಟಿಯ ಏರಿನಲ್ಲಿ ಹೋಸು ಹಾರಿಹೋಗಿ, ಕಪ್ಪು ಹೊಗೆ ಉಗುಳುತ್ತಾ ನಿಲ್ಲುತ್ತಾರೆ. ಮೊದಲು ತುದಿ ಮತ್ತು ಕೀಲು, ಆಮೇಲೆ ನಿಮ್ಮ ಊರಿನ ವೆಲ್ಡರ್‌ನ ಕೈಗುಣ, ಕೊನೆಗೆ ಲೋಹ: ನನ್ನ ಮಟ್ಟಿಗೆ ಆದ್ಯತೆಯ ಕ್ರಮ ಇದು. ವಿವರಿಸುವಾಗ ಮಾತ್ರ ಲೋಹದಿಂದಲೇ ಆರಂಭಿಸಬೇಕಾಗುತ್ತದೆ, ಏಕೆಂದರೆ ಅಂಗಡಿಗೆ ಹೋದಾಗ ಮೊದಲು ಕೇಳುವುದು ಅದನ್ನೇ.

ಒಂದು ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ತಯಾರಕರ ಮೂಲ ವಿವರಗಳಿಂದ ಬೇರೆಯಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಚಿತವಾಗಿಯೇ ಹೇಳಿದೆ. ಒಡೆದ ಪೈಪಿಗೆ ಅದೇ ಅಳತೆಯ ಬದಲಿ ಮಾಡಿಸುವುದು ಬೇರೆ, ಇಲ್ಲದ ಇಂಟರ್‌ಕೂಲರ್ ಕೂರಿಸುವುದು ಬೇರೆ. ಎರಡನೆಯದಾದರೆ ಆರ್‌ಟಿಒ ಮತ್ತು ವಿಮೆಯ ಪರಿಣಾಮಗಳನ್ನು ಮೊದಲೇ ವಿಚಾರಿಸಿಕೊಳ್ಳಿ.

ಹಂತ 1: ಪೈಪು ಏನನ್ನು ತಾಳಬೇಕು ಎಂದು ಲೆಕ್ಕ ಹಾಕಿ

ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಹೊರಗೆ 30 ಡಿಗ್ರಿ ಸೆಲ್ಸಿಯಸ್ ಇರುವ ದಿನ ಮಂಗಳೂರಿನಲ್ಲಿ ಟರ್ಬೊ 1 ಬಾರ್ ಬೂಸ್ಟ್, ಅಂದರೆ ವಾತಾವರಣದ ಒತ್ತಡಕ್ಕಿಂತ 1 ಬಾರ್ ಹೆಚ್ಚು ಒತ್ತಡ, ಕೊಡುತ್ತಿದೆ ಎಂದುಕೊಳ್ಳಿ. ಟರ್ಬೊದಲ್ಲಿ ಗಾಳಿ ಒತ್ತುವ ಭಾಗವಾದ ಕಂಪ್ರೆಸರ್‌ನ ದಕ್ಷತೆ ಶೇಕಡ 70 ಇದ್ದರೆ ಟರ್ಬೊದಿಂದ ಹೊರಬರುವ ಗಾಳಿಯ ಉಷ್ಣತೆ ಸುಮಾರು 125 ಡಿಗ್ರಿ. ಅದೇ ಕಾರು ಅಷ್ಟೇ ಬಿಸಿಲಿನ ದಿನ ಬೆಂಗಳೂರಿಗೆ ಬಂದರೆ ಏಳೆಂಟು ಡಿಗ್ರಿ ಜಾಸ್ತಿಯೇ ಆಗುತ್ತದೆ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಊರಿನ ವಾತಾವರಣದ ಒತ್ತಡ ಸುಮಾರು 0.9 ಬಾರ್ ಮಾತ್ರ. ಅಷ್ಟೇ ಬೂಸ್ಟ್ ಕೊಡಲು ಟರ್ಬೊ ಅಲ್ಲಿ ಹೆಚ್ಚು ಒತ್ತಬೇಕು. ತಂಪು ಊರು, ಆದರೆ ಪೈಪಿಗೆ ತಂಪಿಲ್ಲ.

ಇನ್ನು ಒತ್ತಡ. 50.8 ಮಿ.ಮೀ. ಹೊರವ್ಯಾಸದ, 1.6 ಮಿ.ಮೀ. ದಪ್ಪದ ಪೈಪಿನೊಳಗೆ 1.5 ಬಾರ್ ಇದ್ದರೆ ಅದರ ಗೋಡೆಯ ಮೇಲೆ ಬೀಳುವ ಕರ್ಷಣ ಪ್ರತಿ ಚದರ ಮಿ.ಮೀ.ಗೆ ಸುಮಾರು 2.4 ನ್ಯೂಟನ್. ಸಾಧಾರಣ ಉಕ್ಕು ಇದರ ನೂರು ಪಟ್ಟನ್ನಾದರೂ ತಾಳಬಲ್ಲದು. ಪೈಪು ಒತ್ತಡಕ್ಕೆ ಸಿಡಿಯುತ್ತದೆ ಎಂಬ ಭಯ ಲೋಹದ ವಿಷಯದಲ್ಲಿ ಅನಾವಶ್ಯಕ.

ಅದೇ ಒತ್ತಡ ಪೈಪಿನ ತುದಿಯ ಮೇಲೆ ಏನು ಮಾಡುತ್ತದೆ ನೋಡಿ. ಎರಡು ಇಂಚಿನ ಬಾಯಿಯ ಮೇಲೆ 1.5 ಬಾರ್ ಎಂದರೆ 300 ನ್ಯೂಟನ್‌ಗೂ ಹೆಚ್ಚು, ಅಂದರೆ 31 ಕಿಲೋ ತೂಕದಷ್ಟು ಬಲ ಹೋಸನ್ನು ಪೈಪಿನಿಂದ ಕಳಚಲು ಎಳೆಯುತ್ತಿರುತ್ತದೆ. ಎರಡೂವರೆ ಇಂಚಿಗೆ ಹೋದರೆ 48 ಕಿಲೋ. ಆಕ್ಸಿಲರೇಟರ್ ತುಳಿದಾಗಲೆಲ್ಲ ಆ ಎಳೆತ ಬರುತ್ತದೆ, ಬಿಟ್ಟಾಗ ಹೋಗುತ್ತದೆ, ಜೊತೆಗೆ ಎಂಜಿನ್ನಿನ ನಡುಕವೂ ಇರುತ್ತದೆ. ಮುಂದಿನ ಎಲ್ಲ ತೀರ್ಮಾನಗಳ ಹಿಂದೆ ಈ ಎರಡು ಅಂಕಿಗಳಿವೆ: 130 ಡಿಗ್ರಿ, 31 ಕಿಲೋ.

ಹಂತ 2: ಅಂಗಡಿಯಲ್ಲೇ ಬಿಟ್ಟು ಬರಬೇಕಾದವು

ಪಿವಿಸಿ. ಅಗ್ಗ, ಎಲ್ಬೋಗಳು ಬೇಕಾದ ಕೋನದಲ್ಲಿ ಸಿಗುತ್ತವೆ, ಗರಗಸ ಮತ್ತು ಸಾಲ್ವೆಂಟ್ ಇದ್ದರೆ ಭಾನುವಾರ ಮಧ್ಯಾಹ್ನದೊಳಗೆ ಕೆಲಸ ಮುಗಿಯುತ್ತದೆ. ಆದರೂ ಬೇಡ. ನೀರಿನ ಪಿವಿಸಿ ಪೈಪು 80 ಡಿಗ್ರಿಯ ಆಸುಪಾಸಿನಲ್ಲಿ ಮೆತ್ತಗಾಗುತ್ತದೆ. ಇಂಟರ್‌ಕೂಲರ್ ದಾಟಿದ ಗಾಳಿ ತಣ್ಣಗಿರುತ್ತದಲ್ಲ, ಆ ಕಡೆಯಾದರೂ ಹಾಕಬಹುದೇ ಎಂದು ಕೇಳುವವರಿದ್ದಾರೆ. ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ಅರ್ಧ ಗಂಟೆ ನಿಂತ ಕಾರಿನ ಬಾನೆಟ್ಟಿನೊಳಗೆ ತಣ್ಣನೆಯ ಕಡೆ ಎಂಬುದೇ ಇರುವುದಿಲ್ಲ. ಅದಕ್ಕಿಂತ ದೊಡ್ಡ ತಕರಾರು ಒಡೆಯುವ ರೀತಿಯದು: ಒತ್ತಿದ ಗಾಳಿ ತುಂಬಿದ ಪಿವಿಸಿ ಚೂಪು ಚೂರುಗಳಾಗಿ ಸಿಡಿಯುತ್ತದೆ. ಬಿಸಿನೀರಿಗೆ ಬಳಸುವ ಸಿಪಿವಿಸಿ 90 ಡಿಗ್ರಿಯವರೆಗೆ ತಾಳಿದರೂ ನಮ್ಮ ಲೆಕ್ಕಕ್ಕೆ ಸಾಲದು, ಅದೂ ಗಾಳಿಯ ಒತ್ತಡಕ್ಕೆ ಮಾಡಿದ್ದಲ್ಲ.

‘ಕಂಪನಿಯವರೇ ಪ್ಲಾಸ್ಟಿಕ್ ಪೈಪು ಹಾಕಿದ್ದಾರಲ್ಲ’ ಎಂಬ ಪ್ರಶ್ನೆ ನ್ಯಾಯವಾದದ್ದೇ. ಅವರು ಹಾಕುವುದು ಗಾಜಿನ ಎಳೆ ಬೆರೆಸಿದ ನೈಲಾನ್. ಅದು ನಲ್ಲಿ ಸಾಮಾನಿನ ಅಂಗಡಿಯಲ್ಲಿ ಸಿಗುವ ವಸ್ತುವಲ್ಲ, ಮನೆಯಲ್ಲಿ ಅಚ್ಚು ಹಾಕಲು ಬರುವುದೂ ಅಲ್ಲ.

ಜಿಐ ಪೈಪು. ಇದರಲ್ಲಿ ಎರಡು ತೊಂದರೆ. ವೆಲ್ಡ್ ಮಾಡುವಾಗ ಸತುವಿನ ಲೇಪ ಸುಟ್ಟು ಬರುವ ಬಿಳಿ ಹೊಗೆ ಸೇವಿಸಿದ ವೆಲ್ಡರ್‌ಗೆ ರಾತ್ರಿ ಚಳಿಜ್ವರ ಬರುತ್ತದೆ. ಇನ್ನೊಂದು ಅಳತೆಯ ಗೊಂದಲ. ನೀರಿನ ಪೈಪಿಗೆ ಎರಡು ಇಂಚು ಎಂದರೆ ಒಳಗಿನ ಹೆಸರಳತೆ, ಹೊರವ್ಯಾಸ 60.3 ಮಿ.ಮೀ. ಇರುತ್ತದೆ. ಟ್ಯೂಬಿಗೆ ಎರಡು ಇಂಚು ಎಂದರೆ ಹೊರವ್ಯಾಸವೇ 50.8. ಎರಡು ಇಂಚಿನ ಹೋಸು ಕೂರುವುದು ಟ್ಯೂಬಿನ ಮೇಲೆ ಮಾತ್ರ. ಯಾವ ಅಂಗಡಿಗೆ ಹೋದರೂ ವರ್ನಿಯರ್ ಕ್ಯಾಲಿಪರ್ ಜೇಬಿನಲ್ಲಿರಲಿ, ಹೊರವ್ಯಾಸವನ್ನು ಮಿಲಿಮೀಟರಿನಲ್ಲಿ ಕೇಳಿ.

ರೇಡಿಯೇಟರ್ ಹೋಸು. ಇದನ್ನು ಮಾಡಿರುವುದು ಬಿಸಿ ನೀರಿಗೆ. ಇದರ ರಬ್ಬರು ಎಣ್ಣೆ ತಾಗಿದರೆ ಉಬ್ಬಿ ಮೆತ್ತಗಾಗುತ್ತದೆ, ಮತ್ತು ಟರ್ಬೊ ಪೈಪಿನಲ್ಲಿ ಎಣ್ಣೆಯ ಪಸೆ ಇದ್ದೇ ಇರುತ್ತದೆ.

ಹಂತ 3: ಮೂರು ಲೋಹಗಳಲ್ಲಿ ಒಂದು

ಮೊದಲು ಒಂದು ಭ್ರಮೆ ಕಳೆದುಕೊಳ್ಳೋಣ. ಅಲ್ಯೂಮಿನಿಯಂ ಶಾಖವನ್ನು ಉಕ್ಕಿಗಿಂತ ನಾಲ್ಕು ಪಟ್ಟು, ಸ್ಟೇನ್‌ಲೆಸ್‌ಗಿಂತ ಹತ್ತು ಪಟ್ಟಿಗೂ ಮಿಗಿಲಾಗಿ ಸಾಗಿಸುತ್ತದೆ ಎಂಬುದು ನಿಜ. ಹಾಗಾಗಿ ಪೈಪೂ ಗಾಳಿಯನ್ನು ತಣಿಸುತ್ತದೆ ಎಂದು ಮಾರುವವರು ಹೇಳುತ್ತಾರೆ. ಆದರೆ ಎರಡು ಮೀಟರ್ ಪೈಪನ್ನು ಗಾಳಿ ದಾಟಲು ತಗಲುವುದು ಸೆಕೆಂಡಿನ ಹತ್ತನೇ ಒಂದು ಭಾಗ. ಅಷ್ಟರಲ್ಲಿ ಶಾಖಕ್ಕೆ ನಿಜವಾದ ಅಡ್ಡಿ ಲೋಹದ ಗೋಡೆಯಲ್ಲ, ಗೋಡೆಗೆ ಅಂಟಿಕೊಂಡಿರುವ ಗಾಳಿಯ ತೆಳು ಪದರ. ಆ ಪದರ ಮೂರು ಲೋಹಕ್ಕೂ ಒಂದೇ. ತಣಿಸುವುದು ಇಂಟರ್‌ಕೂಲರಿನ ಕೆಲಸ, ಪೈಪು ಆಯ್ದುಕೊಳ್ಳಲು ಅದು ಕಾರಣವಾಗಬಾರದು. ನೋಡಬೇಕಾದದ್ದು ತೂಕ, ತುಕ್ಕು, ಮತ್ತು ವೆಲ್ಡ್ ಮಾಡುವವರು ಯಾರು ಎಂಬುದು.

ಮೈಲ್ಡ್ ಸ್ಟೀಲ್. ತಾಲ್ಲೂಕು ಕೇಂದ್ರದಲ್ಲೂ ಸಿಗುತ್ತದೆ, ಸೈಲೆನ್ಸರ್ ಅಂಗಡಿಯವರ ಬಳಿ ಸಿದ್ಧ ಬೆಂಡುಗಳಿರುತ್ತವೆ, ಯಾವ ವೆಲ್ಡರ್ ಆದರೂ ಸೋರದಂತೆ ಬೆಸೆಯಬಲ್ಲ. 16 ಗೇಜ್, ಅಂದರೆ 1.6 ಮಿ.ಮೀ. ದಪ್ಪ ಕೇಳಿ. 18 ಗೇಜ್ ಒತ್ತಡಕ್ಕೆ ಧಾರಾಳವಾಗಿ ಸಾಕು, ಆದರೆ ಆರ್ಕ್ ವೆಲ್ಡಿಂಗ್‌ನಲ್ಲಿ ತೂತು ಬೀಳುವ ಸಂಭವ ಹೆಚ್ಚು. ಸಾಧ್ಯವಿದ್ದರೆ ಸಿಒ2 ವೆಲ್ಡಿಂಗ್ ಮಾಡಿಸಿ. ಎರಡು ಇಂಚಿನ ಎರಡು ಮೀಟರ್ ಪೈಪು ನಾಲ್ಕು ಕಿಲೋದ ಹತ್ತಿರ ತೂಗುತ್ತದೆ. ಅಷ್ಟೇ ದಪ್ಪದ ಅಲ್ಯೂಮಿನಿಯಂ ಆಗಿದ್ದರೆ ಅದು 1.3 ಕಿಲೋ. ಮನೆಯವರನ್ನು ಕೂರಿಸಿಕೊಂಡು ಓಡಾಡುವ ಕಾರಿಗೆ ಈ ವ್ಯತ್ಯಾಸ ಯಾವ ಲೆಕ್ಕಕ್ಕೂ ಇಲ್ಲ. ನಿಜವಾದ ಕೊರತೆ ತುಕ್ಕು, ಅದೂ ಒಳಗಿನದು. ಇಂಟರ್‌ಕೂಲರ್ ದಾಟಿದ ಮೇಲೆ ಮಳೆಗಾಲದ ಗಾಳಿಯಲ್ಲಿ ತೇವ ಹನಿಗಟ್ಟಬಹುದು, ಆ ಕಡೆ ಎದ್ದ ತುಕ್ಕಿನ ಹಕ್ಕಳೆ ನೇರವಾಗಿ ಎಂಜಿನ್ನಿಗೆ ಹೋಗುತ್ತದೆ. ಒಳಗೆ ಬಣ್ಣ ಬಳಿಯಬೇಡಿ, ಅದೂ ಎದ್ದು ಬರುತ್ತದೆ. ಟರ್ಬೊ ಕಡೆಗೆ ಮೈಲ್ಡ್ ಸ್ಟೀಲ್, ಎಂಜಿನ್ ಕಡೆಗೆ ಅಲ್ಯೂಮಿನಿಯಂ ಅಥವಾ ಸ್ಟೇನ್‌ಲೆಸ್ ಎಂದು ಹಂಚಿಕೊಂಡರೆ ತಪ್ಪೇನಿಲ್ಲ. ನಡುವೆ ಹೇಗೂ ಹೋಸು ಬರುತ್ತದೆ.

ಅಲ್ಯೂಮಿನಿಯಂ. ಒಳ್ಳೆಯ ಆರ್ಗಾನ್ ವೆಲ್ಡರ್ ಸಿಕ್ಕರೆ ಇದಕ್ಕೇ ನನ್ನ ಮತ. ಸಿಗದಿದ್ದರೆ ಇದರ ಆಸೆ ಬಿಡಿ. ಅಲ್ಯೂಮಿನಿಯಂ ಮೇಲಿನ ಆಕ್ಸೈಡ್ ಪೊರೆ ಕರಗಲು 2,000 ಡಿಗ್ರಿ ಬೇಕು, ಅಡಿಯ ಲೋಹ 660 ಡಿಗ್ರಿಗೇ ಕರಗುತ್ತದೆ. ಇದನ್ನು ನಿಭಾಯಿಸಲು ಎಸಿ ಕರೆಂಟಿನ ಆರ್ಗಾನ್ ಯಂತ್ರವೂ ಪಳಗಿದ ಕೈಯೂ ಬೇಕು. ಬೆಂಗಳೂರಿನಲ್ಲಾದರೆ ಪೀಣ್ಯದಲ್ಲಿ ವಿಚಾರಿಸಿ. ಹೋದ ತಕ್ಷಣ ಪೈಪು ಕೊಡಬೇಡಿ, ಹಿಂದೆ ಮಾಡಿದ ತೆಳು ಕೆಲಸವೊಂದನ್ನು ತೋರಿಸಲು ಹೇಳಿ. ಬೆಸುಗೆಯ ಗೆರೆ ಒಂದೇ ಅಗಲಕ್ಕೆ, ಮಸಿ ಇಲ್ಲದೆ, ಸೂಜಿತೂತುಗಳಿಲ್ಲದೆ ಬಂದಿದ್ದರೆ ಮುಂದಿನ ಮಾತು. ಕಿಟಕಿ ಸೆಕ್ಷನ್ ಅಂಗಡಿಗಳಲ್ಲಿ ಸಿಗುವ ದುಂಡು ಪೈಪು ಸಾಮಾನ್ಯವಾಗಿ 6063 ಮಿಶ್ರಲೋಹದ್ದು, ಚೆನ್ನಾಗಿ ಬೆಸೆಯುತ್ತದೆ. ಆದರೆ ಗೋಡೆ 2 ಮಿ.ಮೀ. ಇರಲಿ, ತೆಳುವಾದದ್ದು ಬೇಡ. ಬೆಸುಗೆಯಲ್ಲಿ ಕರಗಿಸಿ ತುಂಬುವ ಫಿಲ್ಲರ್ ಸರಳು 4043 ಇರಲಿ ಎಂದು ಕೇಳಿ. 5356 ಸರಳಿನ ಬೆಸುಗೆ ಬಲವಾದದ್ದು ನಿಜ, ಆದರೆ 65 ಡಿಗ್ರಿಗಿಂತ ಮೇಲೆ ಸದಾ ಇರುವ ಜಾಗಕ್ಕೆ ಅದು ಹೇಳಿಸಿದ್ದಲ್ಲ, ಕಾಲಕ್ರಮೇಣ ಬಿರುಕು ಬಿಡಬಹುದು.

ಸ್ಟೇನ್‌ಲೆಸ್ ಸ್ಟೀಲ್. ಉಡುಪಿ, ಕಾರವಾರದಂಥ ಕರಾವಳಿ ಊರಿನವರು ಇದನ್ನು ಯೋಚಿಸಬಹುದು. ಮೆಟ್ಟಿಲಿನ ರೇಲಿಂಗ್ ಮಾಡುವವರ ಬಳಿ ಎರಡು ಇಂಚಿನ ಪೈಪೂ ಸಿದ್ಧ ಬೆಂಡೂ ಇರುತ್ತವೆ. ಅಲ್ಲಿ ಹೆಚ್ಚಾಗಿ ಸಿಗುವುದು 202 ದರ್ಜೆ, ನಿಮಗೆ ಬೇಕಾದದ್ದು 304. ಆಯಸ್ಕಾಂತ ಹಚ್ಚಿ ‘ನೋಡಿ ಸಾರ್, ಹಿಡಿಯುವುದಿಲ್ಲ’ ಎಂದು ತೋರಿಸಿದರೆ ಅದರಿಂದ ಏನೂ ಸಾಬೀತಾಗುವುದಿಲ್ಲ. ಎರಡೂ ಆಯಸ್ಕಾಂತಕ್ಕೆ ಹೆಚ್ಚುಕಡಿಮೆ ಹಿಡಿಯದವೇ. ದರ್ಜೆ ಗುರುತಿಸುವ ರಾಸಾಯನಿಕ ದ್ರಾವಣದ ಒಂದು ಹನಿ ಹಾಕಿ ತೋರಿಸಲು ಕೇಳಿ. ವೆಲ್ಡ್ ಮಾಡುವಾಗ ಪೈಪಿನ ಒಳಗೂ ಆರ್ಗಾನ್ ಹರಿಸಬೇಕು, ಇಲ್ಲದಿದ್ದರೆ ಬೆಸುಗೆಯ ಒಳಮೈ ಸುಟ್ಟ ಸಕ್ಕರೆಯ ಹರಳಿನಂತೆ ಒರಟಾಗಿ ಕಪ್ಪುಗಟ್ಟಿ ಉದುರುತ್ತದೆ.

ಇದನ್ನೆಲ್ಲ ಓದಿಯೂ ನಿರ್ಧರಿಸಲಾಗದವರು 16 ಗೇಜ್ ಮೈಲ್ಡ್ ಸ್ಟೀಲ್ ಹಾಕಿಸಿಕೊಳ್ಳಿ. ಚೆನ್ನಾಗಿ ಬೆಸೆದ ಮೈಲ್ಡ್ ಸ್ಟೀಲ್ ಕೆಟ್ಟದಾಗಿ ಬೆಸೆದ ಅಲ್ಯೂಮಿನಿಯಂಗಿಂತ ಎಷ್ಟೋ ಮೇಲು.

ಹಂತ 4: ವ್ಯಾಸ ಮತ್ತು ಬೆಂಡು

ದೊಡ್ಡ ಪೈಪು ಹಾಕಿದರೆ ದೊಡ್ಡ ಶಕ್ತಿ ಬರುತ್ತದೆ ಎಂಬ ನಂಬಿಕೆ ಗಟ್ಟಿಯಾಗಿ ಬೇರೂರಿದೆ. ಸ್ವಿಫ್ಟ್, ಡಿಜೈರ್, ಇಂಡಿಕಾ ವಿಸ್ತಾಗಳಲ್ಲಿ ಬಂದ 1,248 ಸಿಸಿ ಡೀಸೆಲ್ ಎಂಜಿನ್ನನ್ನೇ ತೆಗೆದುಕೊಳ್ಳಿ. ನಿಮಿಷಕ್ಕೆ 4,000 ಸುತ್ತಿನಲ್ಲಿ ಅದು ಸೆಕೆಂಡಿಗೆ ನುಂಗುವುದು ಹೆಚ್ಚೆಂದರೆ 40 ಲೀಟರ್ ಗಾಳಿ. ಎರಡು ಇಂಚಿನ ಟ್ಯೂಬಿನಲ್ಲಿ ಆ ಗಾಳಿ ಸೆಕೆಂಡಿಗೆ 20ರಿಂದ 25 ಮೀಟರ್ ವೇಗದಲ್ಲಿ ಸಾಗುತ್ತದೆ. ಒಂದೂವರೆ ಇಂಚಿನದಾದರೂ 40 ಮೀಟರ್ ಆಸುಪಾಸು. ವೇಗ ನೂರು ಮೀಟರ್ ದಾಟುವವರೆಗೂ ತಲೆಕೆಡಿಸಿಕೊಳ್ಳಬೇಕಾದ್ದೇನೂ ಇಲ್ಲ. ಮೂರು ಇಂಚಿನ ಪೈಪು ಹಾಕಿದರೆ ಎರಡು ಮೀಟರಿಗೆ ಎಂಟು ಲೀಟರಿಗೂ ಹೆಚ್ಚು ಜಾಗ ತುಂಬಬೇಕು. ಎರಡು ಇಂಚಿನದರಲ್ಲಿ ಮೂರೂವರೆ ಸಾಕು. ಟರ್ಬೊದ ಬಾಯಿ, ಇಂಟರ್‌ಕೂಲರ್‌ನ ಬಾಯಿ ಎಷ್ಟಿದೆಯೋ ಅದರ ಹತ್ತಿರದ ಅಳತೆಯಲ್ಲೇ ಇರಿ.

ಬೆಂಡುಗಳು ಮ್ಯಾಂಡ್ರೆಲ್ ಬೆಂಡುಗಳಾಗಿರಲಿ, ಅಂದರೆ ತಿರುವಿನಲ್ಲೂ ಪೈಪು ದುಂಡಾಗಿಯೇ ಉಳಿದಿರಬೇಕು. ಒತ್ತಿ ಬಗ್ಗಿಸಿದ ಪೈಪು ತಿರುವಿನಲ್ಲಿ ಚಪ್ಪಟೆಯಾಗಿ ಸುಕ್ಕುಗಟ್ಟಿರುತ್ತದೆ. ಮಾರ್ಗವನ್ನು ಅಳೆಯಲು ದಪ್ಪ ಕಟ್ಟುತಂತಿಯೊಂದನ್ನು ಟರ್ಬೊದಿಂದ ಇಂಟರ್‌ಕೂಲರ್‌ವರೆಗೆ ಬಗ್ಗಿಸಿಕೊಂಡು ಹೋಗಿ, ಅದನ್ನೇ ವೆಲ್ಡರ್ ಕೈಗೆ ಕೊಡಿ. ಎಂಜಿನ್ನಿನ ಬಿಸಿ ಹೊಗೆ ಹೊರಬರುವ ಎಗ್ಸಾಸ್ಟ್ ಮ್ಯಾನಿಫೋಲ್ಡಿನಿಂದ ದೂರ ಇರಲಿ. ಸುತ್ತಲಿನ ಯಾವುದೇ ಲೋಹದಿಂದ ಬೆರಳಿನಗಲ ಅಂತರವಿರಲಿ. ಬ್ರಾಕೆಟ್ಟಿಗೆ ಒರಗಿ ನಡುಗುವ ಅಲ್ಯೂಮಿನಿಯಂ ಪೈಪು ಸವೆದು ತೂತಾಗಲು ತಡವಾಗುವುದಿಲ್ಲ.

ಹಂತ 5: ತುದಿಯ ಉಬ್ಬು

ಇಲ್ಲಿ ಅವಸರ ಬೇಡ. ಮೊದಲು ಲೆಕ್ಕ ಹಾಕಿದ 31 ಕಿಲೋ ಎಳೆತವನ್ನು ತಡೆಯುವುದು ಈ ಉಬ್ಬು. ನುಣ್ಣನೆಯ ಪೈಪಿನ ಮೇಲೆ ಹೋಸನ್ನು ಎಷ್ಟು ಬಿಗಿದರೂ, ಎಣ್ಣೆಯ ಪಸೆ ಸೇರಿದ ಮೇಲೆ ಅದು ಜಾರಿಯೇ ಜಾರುತ್ತದೆ.

ಪೈಪಿನ ಅಂಚಿನಿಂದ ಆರರಿಂದ ಎಂಟು ಮಿ.ಮೀ. ಒಳಗೆ ಸುತ್ತಲೂ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಬೀಡ್ ರೋಲರ್ ಇರುವ ವರ್ಕ್‌ಶಾಪ್ ಸಿಕ್ಕರೆ ಆ ಗೆರೆಯ ಮೇಲೆ ಒಳಗಿನಿಂದ ಉಬ್ಬಿಸಿ ಕೊಡುತ್ತಾರೆ. ಅದೇ ಅತ್ಯುತ್ತಮ. ಇಲ್ಲದಿದ್ದರೆ ಗೆರೆಯ ಮೇಲೆ ಸುತ್ತಲೂ ಒಂದು ಸುತ್ತು ವೆಲ್ಡ್ ಓಡಿಸಿ, ಆಮೇಲೆ ಅರದಿಂದ ಉಜ್ಜುತ್ತಾ ಬನ್ನಿ. ಎತ್ತರ ಒಂದರಿಂದ ಒಂದೂವರೆ ಮಿ.ಮೀ. ಉಳಿಯಬೇಕು, ಬೆರಳು ಆಡಿಸಿದರೆ ಎಲ್ಲಿಯೂ ಮೊನೆ ತಾಗಬಾರದು. ಮೊನೆ ಉಳಿದರೆ ಹೋಸನ್ನು ಒಳಗಿನಿಂದ ಕೊಯ್ಯುತ್ತದೆ. ಅಲ್ಲಲ್ಲಿ ನಾಲ್ಕು ಚುಕ್ಕೆ ವೆಲ್ಡ್ ಇಟ್ಟು ‘ಸಾಕು ಬಿಡಿ’ ಎನ್ನುವವರ ಮಾತು ಕೇಳಬೇಡಿ. ಚುಕ್ಕೆಗಳ ನಡುವೆ ಗಾಳಿ ನುಸುಳುತ್ತದೆ.

ಉದ್ದದ ಬೆಸುಗೆಗೆರೆ ಇರುವ ಟ್ಯೂಬಾದರೆ ಹೋಸು ಕೂರುವ ಜಾಗದಲ್ಲಿ ಆ ಗೆರೆಯನ್ನೂ ಸಮ ಮಾಡಿ.

ಹಂತ 6: ಹೋಸು

ಎಂಜಿನ್ನು ರಬ್ಬರ್ ಮೌಂಟುಗಳ ಮೇಲೆ ಕೂತು ಓಲಾಡುತ್ತದೆ, ಇಂಟರ್‌ಕೂಲರ್ ಬಾಡಿಗೆ ಭದ್ರವಾಗಿ ಅಂಟಿಕೊಂಡಿರುತ್ತದೆ. ಒಂದೇ ಉದ್ದದ ಪೈಪನ್ನು ಎರಡಕ್ಕೂ ಬಿಗಿಯಾಗಿ ಜೋಡಿಸಿದರೆ ಇಂಟರ್‌ಕೂಲರಿನ ಕತ್ತು ಬಿರುಕು ಬಿಡುತ್ತದೆ. ಆದ್ದರಿಂದ ಪ್ರತಿ ಪೈಪಿನ ಎರಡೂ ತುದಿಗೆ ಹೋಸು ಇರಲಿ. ಓಲಾಟ ಹೆಚ್ಚಿರುವ ಟರ್ಬೊ ಕಡೆ ನಡುವೆ ಉಬ್ಬಿರುವ ಹಂಪ್ ಹೋಸು ಒಳ್ಳೆಯದು. ಲೋಹದ ಎರಡು ತುದಿಗಳ ನಡುವೆ ಒಂದೂವರೆ, ಎರಡು ಸೆಂ.ಮೀ. ಅಂತರ ಸಾಕು. ಜಾಸ್ತಿ ಬಿಟ್ಟರೆ ಹೋಸು ಬಲೂನಿನ ಹಾಗೆ ಊದಿಕೊಳ್ಳುತ್ತದೆ.

ಸಿಲಿಕಾನ್ ಹೋಸನ್ನೇ ತೆಗೆದುಕೊಳ್ಳಿ, ಒಳಗೆ ಕನಿಷ್ಠ ನಾಲ್ಕು ಪದರ ಬಟ್ಟೆ ಇರಬೇಕು. ಬಣ್ಣ, ಹೊಳಪು ನೋಡಿ ಮೋಸಹೋಗಬೇಡಿ. ಕತ್ತರಿಸಿದ ಅಂಚನ್ನು ಬೆಳಕಿಗೆ ಹಿಡಿದರೆ ಬಟ್ಟೆಯ ಪದರಗಳು ಗೆರೆಗೆರೆಯಾಗಿ ಕಾಣುತ್ತವೆ, ಎಣಿಸಿ. ಒಳ್ಳೆಯ ಸಿಲಿಕಾನ್ ಹೋಸು 170–180 ಡಿಗ್ರಿ ತಾಳುತ್ತದೆ. ಆದರೆ ಸಿಲಿಕಾನಿಗೂ ಎಣ್ಣೆ ಆಗಿಬರುವುದಿಲ್ಲ. ಡೀಸೆಲ್ ಎಂಜಿನ್ನಿನ ಬ್ರೀದರ್‌ನಿಂದ, ಅಂದರೆ ಎಂಜಿನ್ನಿನೊಳಗಿನ ಆವಿಯನ್ನು ಹೊರಬಿಡುವ ಕೊಳವೆಯಿಂದ, ಬರುವ ಎಣ್ಣೆಯ ಆವಿಗೆ ಸಾದಾ ಸಿಲಿಕಾನ್ ನಿಧಾನವಾಗಿ ಮೆತ್ತಗಾಗಿ ಹೊರಮೈಯಲ್ಲಿ ಬೆವರಲಾರಂಭಿಸುತ್ತದೆ. ಟರ್ಬೊ ಕಡೆಯ ಹೋಸಿಗೆ ಒಳಗೆ ಫ್ಲೋರೋಸಿಲಿಕಾನ್ ಲೇಪ ಇರುವುದನ್ನೇ ಕೇಳಿ. ದುಡ್ಡು ಹೆಚ್ಚು, ಆದರೆ ಈ ಇಡೀ ಕೆಲಸದಲ್ಲಿ ಹೆಚ್ಚು ಖರ್ಚು ಮಾಡಬೇಕಾದ ಒಂದೇ ಜಾಗ ಇದ್ದರೆ ಇದು. ಬಣ್ಣಬಣ್ಣದ ಕಾರು ಅಲಂಕಾರದ ಅಂಗಡಿಗಿಂತ ಲಾರಿ ಬಿಡಿಭಾಗದ ಅಂಗಡಿಗೆ ಹೋಗಿ. ಟರ್ಬೊ ಲಾರಿಗಳಿಗೆ ಇಂಥ ಹೋಸು ದಿನನಿತ್ಯದ ಸಾಮಾನು. ಬೆಂಗಳೂರಿನವರು ಜೆ.ಸಿ. ರಸ್ತೆಯಲ್ಲಿ ಹುಡುಕಬಹುದು.

ಹಂತ 7: ಕ್ಲಾಂಪು

ಸ್ಕ್ರೂ ತಿರುಗಿಸುವ ಸಾಮಾನ್ಯ ಹೋಸ್ ಕ್ಲಿಪ್ಪಿನ ಪಟ್ಟಿಯಲ್ಲಿ ಸೀಳುಗಳಿರುತ್ತವೆ. ಬಿಗಿದಂತೆ ಮೆತ್ತನೆಯ ಸಿಲಿಕಾನ್ ಆ ಸೀಳುಗಳೊಳಗೆ ಉಬ್ಬಿ ಬಂದು ಕೊಯ್ದುಹೋಗುತ್ತದೆ. ನಯವಾದ ಪಟ್ಟಿಯ ಟಿ-ಬೋಲ್ಟ್ ಕ್ಲಾಂಪು ತನ್ನಿ, ಸ್ಪ್ರಿಂಗ್ ಇರುವುದಾದರೆ ಇನ್ನೂ ಒಳ್ಳೆಯದು. ಬಿಸಿಗೆ ಹಿಗ್ಗಿ ತಣಿದು ಕುಗ್ಗುವ ಹೋಸನ್ನು ಅದು ಒಂದೇ ಬಿಗಿಯಲ್ಲಿ ಹಿಡಿದಿರುತ್ತದೆ. ಕ್ಲಾಂಪಿನ ಅಳತೆ ನೋಡಬೇಕಾದದ್ದು ಹೋಸಿನ ಹೊರಮೈಗೆ: 51 ಮಿ.ಮೀ. ಹೋಸಿನ ಗೋಡೆ 5 ಮಿ.ಮೀ. ದಪ್ಪವಿದ್ದರೆ ಹೊರವ್ಯಾಸ 61. ಕ್ಲಾಂಪಿನ ಮೇಲೆ ಬರೆದ ವ್ಯಾಪ್ತಿಯ ನಡುಮಧ್ಯ ಆ ಸಂಖ್ಯೆ ಬರಲಿ.

ಕ್ಲಾಂಪು ಕೂರುವುದು ಉಬ್ಬಿನ ಮೇಲಲ್ಲ, ಉಬ್ಬು ದಾಟಿದ ಮೇಲೆ. ಜೋಡಿಸುವಾಗ ಗ್ರೀಸ್, ಎಣ್ಣೆ ಹಚ್ಚಬೇಡಿ. ಎರಡೂ ಮೈಯನ್ನು ತಿನ್ನರ್ ಅದ್ದಿದ ಬಟ್ಟೆಯಿಂದ ಒರೆಸಿ, ಒಣಗಿಸಿ. ಹೋಸು ಏರದಿದ್ದರೆ ಸ್ವಲ್ಪ ಹೇರ್‌ಸ್ಪ್ರೇ ಹೊಡೆಯಿರಿ. ಹಸಿಯಿದ್ದಾಗ ಜಾರುತ್ತದೆ, ಒಣಗಿದ ಮೇಲೆ ಅಂಟು ಹಿಡಿಯುತ್ತದೆ.

ಹಂತ 8: ಒಳಗೆ ಏನೂ ಉಳಿದಿರಬಾರದು

ಎಂಜಿನ್ನಿಗೂ ಈ ಪೈಪಿಗೂ ನಡುವೆ ಫಿಲ್ಟರ್ ಇಲ್ಲ. ವೆಲ್ಡಿಂಗ್ ಗುಂಡು, ಅರದ ಪುಡಿ, ಬಗ್ಗಿಸುವಾಗ ತುಂಬಿದ ಮರಳು, ಎಲ್ಲವೂ ನೇರ ಸಿಲಿಂಡರಿಗೆ. ಬಟ್ಟೆ ಕಟ್ಟಿದ ತಂತಿಯನ್ನು ಒಳಗೆ ಹಲವು ಸಲ ಎಳೆಯಿರಿ, ಸೋಪುನೀರಿನಲ್ಲಿ ತೊಳೆಯಿರಿ, ಕಂಪ್ರೆಸರ್ ಗಾಳಿ ಬಿಡಿ, ಬಿಳಿ ಬಟ್ಟೆಯಿಂದ ಒರೆಸಿ. ಬಟ್ಟೆ ಬಿಳಿಯಾಗಿಯೇ ಹೊರಬರುವವರೆಗೆ ಜೋಡಿಸಬೇಡಿ. ಗುಜರಿಯಿಂದ ತಂದ ಇಂಟರ್‌ಕೂಲರ್ ಆದರೆ ಅದರೊಳಗೂ ಹಳೆಯ ಟರ್ಬೊದ ಚೂರುಗಳಿರಬಹುದು.

ಹಂತ 9: ಸೋರಿಕೆ ಪರೀಕ್ಷೆ

ಪೈಪು ಮತ್ತು ಇಂಟರ್‌ಕೂಲರನ್ನು ಕಾರಿನ ಹೊರಗೇ ಜೋಡಿಸಿ ಪರೀಕ್ಷಿಸುವುದು ಸುಲಭ. ಎರಡು ಇಂಚಿನ ಟ್ಯೂಬಿನ ಎರಡು ಗಿಡ್ಡ ತುಂಡುಗಳ ಒಂದೊಂದು ಬಾಯಿಗೆ ದಪ್ಪ ತಗಡು ಬೆಸೆಸಿ ಮುಚ್ಚಿಸಿ, ತೆರೆದ ತುದಿಗೆ ಉಬ್ಬು ಮಾಡಿಸಿ. ಒಂದರ ಮುಚ್ಚಳದಲ್ಲಿ 11.5 ಮಿ.ಮೀ. ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವು ಎಳೆದು ಕೂರಿಸಿ. ಇವನ್ನು ಎರಡು ಕಡೆ ಹೋಸು, ಕ್ಲಾಂಪು ಹಾಕಿ ಬಿಗಿದು, ಪಂಕ್ಚರ್ ಅಂಗಡಿಯಲ್ಲಿ ನಿಧಾನವಾಗಿ 15 ಪಿಎಸ್‌ಐ, ಅಂದರೆ 1 ಬಾರ್‌ಗೆ ತುಸು ಮೇಲೆ, ಗಾಳಿ ತುಂಬಿಸಿ. ಅಂಗಡಿಯವರಿಗೆ ಟೈರಿನ ಅಭ್ಯಾಸ, 30 ಹಾಕಿಬಿಡುತ್ತಾರೆ. ಮೊದಲೇ ಹೇಳಿಡಿ. ಮುಚ್ಚಳದ ನೇರಕ್ಕೆ ಯಾರೂ ನಿಲ್ಲಬಾರದು. ಸೋಪಿನ ನೊರೆಯನ್ನು ಪ್ರತಿ ಬೆಸುಗೆ, ಪ್ರತಿ ಕೀಲಿನ ಮೇಲೆ ಬಳಿದರೆ ಸೋರುವ ಕಡೆ ಗುಳ್ಳೆ ಏಳುತ್ತದೆ.

ಕಾರಿಗೆ ಕೂರಿಸಿ ಒಂದು ಒಳ್ಳೆಯ ಓಟ ಮುಗಿಸಿ, ಎಂಜಿನ್ನು ಪೂರ್ತಿ ತಣಿದ ಮೇಲೆ ಕ್ಲಾಂಪುಗಳನ್ನು ಮತ್ತೊಮ್ಮೆ ಬಿಗಿಯಿರಿ. ಹೊಸ ಸಿಲಿಕಾನ್ ಮೊದಲ ಬಿಸಿಗೆ ಸ್ವಲ್ಪ ಅಡಗುತ್ತದೆ. ಆಮೇಲೆ ಎಂಜಿನ್ ಆಯಿಲ್ ಬದಲಿಸುವಾಗಲೆಲ್ಲ ಹೋಸಿನ ಕೆಳಭಾಗಕ್ಕೆ ಕೈಯಾಡಿಸಿ. ಕೀಲಿನ ಅಂಚಿನಲ್ಲಿ ಮಾತ್ರ ಎಣ್ಣೆ ಅಂಟಿದರೆ ಕ್ಲಾಂಪು ಸಡಿಲವಾಗಿದೆ, ಹೋಸಿನ ನಡುಭಾಗವೇ ಜಿಡ್ಡಾಗಿ ಮೆತ್ತಗಿದ್ದರೆ ಹೋಸು ಬದಲಿಸುವ ಕಾಲ ಬಂದಿದೆ. ಏರಿನಲ್ಲಿ ಸೀಟಿಯ ಸದ್ದು, ಹಿಂದೆ ಕಪ್ಪು ಹೊಗೆ, ಎಳೆತದಲ್ಲಿ ಸೋಮಾರಿತನ ಒಟ್ಟಿಗೆ ಕಾಣಿಸಿಕೊಂಡರೆ ಇಂಜೆಕ್ಟರ್ ಬಿಚ್ಚಿಸುವ ಮೊದಲು ಈ ಕೀಲುಗಳನ್ನು ನೋಡಿ.